ಬಾಗಿಲು ತೆರೆದವರು

ಜೆರುಸಲೇಮಿನ ಒಂದು ಬೆಟ್ಟದ ಮೇಲೆ ಯಾದ್ ವಶೇಮ್ ಎಂಬ ಸ್ಮಾರಕ ಸಂಸ್ಥೆಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳೂ ಅವರ ಸಹಾಯಕರೂ ಕೊಂದ ಸುಮಾರು 60 ಲಕ್ಷ ಯೆಹೂದ್ಯರ ನೆನಪನ್ನು ಕಾಪಾಡುವುದು ಅದರ ಮೊದಲ ಕೆಲಸ. 1963ರಿಂದ ಅದು ಇನ್ನೊಂದು ಕೆಲಸವನ್ನೂ ಮಾಡುತ್ತ ಬಂದಿದೆ. ಪ್ರತಿಫಲ ಬಯಸದೆ, ಸ್ವಂತ ಪ್ರಾಣವನ್ನು ಅಪಾಯಕ್ಕೊಡ್ಡಿ ಯೆಹೂದ್ಯರನ್ನು ಉಳಿಸಿದ ಅನ್ಯಧರ್ಮೀಯರನ್ನು ಸಾಕ್ಷ್ಯಸಮೇತ ಹುಡುಕಿ, 'ಜನಾಂಗಗಳ ನಡುವಿನ ನೀತಿವಂತರು' ಎಂದು ಗೌರವಿಸುತ್ತದೆ. ಆ ಪಟ್ಟಿಯಲ್ಲಿ ಇಂದು 28,000ಕ್ಕೂ ಹೆಚ್ಚು ಹೆಸರುಗಳಿವೆ. ಹೆಸರು ಸಿಗದೆ ಹೋದವರು ಇದರ ಹತ್ತು ಪಟ್ಟು ಇದ್ದರು ಎಂದುಕೊಂಡರೂ, ಅಂದಿನ ಯೂರೋಪಿನ ಕೋಟಿಗಟ್ಟಲೆ ಜನರ ನಡುವೆ ಅವರು ಬೆರಳೆಣಿಕೆಯ ಮಂದಿಯೇ. ಆ ಕೋಟಿಗಟ್ಟಲೆ ಜನರಲ್ಲಿ ಬಹುಪಾಲು ಸ್ನಾನದೀಕ್ಷೆ ಪಡೆದ ಕ್ರೈಸ್ತರಾಗಿದ್ದರು ಎಂಬುದನ್ನು ನಮ್ಮಂಥ ಪತ್ರಿಕೆಯಲ್ಲಿ ಮುಚ್ಚಿಡುವುದು ತರವಲ್ಲ.

ಆದ್ದರಿಂದ ಓದುಗರೇ, ಈ ಕೆಲವರು ಯಾಕೆ ಬಾಗಿಲು ತೆರೆದರು ಎಂಬುದು ಕುತೂಹಲಕ್ಕೆ ಕೇಳುವ ಪ್ರಶ್ನೆಯಾಗಿ ಉಳಿಯುವುದಿಲ್ಲ. ಉಳಿದವರ ಮನೆಗಳ ಬಾಗಿಲಿಗೂ ಅದು ತಟ್ಟುತ್ತದೆ. ಅವರನ್ನೇ ಕೇಳಿದ ಇತಿಹಾಸಕಾರರಿಗೆ ಮಾತ್ರ ನಿರಾಶೆಯೇ ಆಯಿತು. "ಬೇರೇನು ಮಾಡಲು ಸಾಧ್ಯವಿತ್ತು?" ಎಂಬರ್ಥದ ಒಂದು ಸಾಲಿಗಿಂತ ಹೆಚ್ಚಿನದನ್ನು ಅವರಲ್ಲಿ ಅನೇಕರು ಹೇಳಲಿಲ್ಲ. ಈ ಉತ್ತರವನ್ನು ವಿನಯವೆಂದು ಬದಿಗಿಡುವುದು ಸುಲಭ. ನನಗನ್ನಿಸುವಂತೆ ಅದು ವಿನಯದ ಮಾತಲ್ಲ, ನಡೆದುದರ ನೇರ ವರದಿ. ಅದನ್ನು ಹಾಗೆಯೇ ಸ್ವೀಕರಿಸಿ ಕೆಲವು ಮನೆಗಳೊಳಗೆ ಇಣುಕಿ ನೋಡೋಣ.

ಮೊದಲು ಅಪಾಯದ ತೂಕ ತಿಳಿಯಬೇಕು. ಅದು ಎಲ್ಲ ದೇಶಗಳಲ್ಲೂ ಒಂದೇ ಆಗಿರಲಿಲ್ಲ. ಫ್ರಾನ್ಸಿನಲ್ಲಿ, ಹಾಲೆಂಡಿನಲ್ಲಿ ಆಶ್ರಯ ಕೊಟ್ಟು ಸಿಕ್ಕಿಬಿದ್ದವನಿಗೆ ಸೆರೆಮನೆಯೋ ಯಾತನಾ ಶಿಬಿರವೋ ಕಾದಿರುತ್ತಿತ್ತು; ಕೆಲವೊಮ್ಮೆ ದಂಡದಲ್ಲೇ ಮುಗಿಯುವುದೂ ಇತ್ತು. ಪೋಲೆಂಡಿನ ಕತೆ ಬೇರೆ. ಅಲ್ಲಿನ ಜರ್ಮನ್ ಆಡಳಿತಾಧಿಕಾರಿ ಹಾನ್ಸ್ ಫ್ರಾಂಕ್ 1941ರ ಅಕ್ಟೋಬರ್ 15ರಂದು ಹೊರಡಿಸಿದ ಆಜ್ಞೆಯ ಪ್ರಕಾರ, ಘೆಟ್ಟೋ ಎಂಬ ಬೇಲಿ ಹಾಕಿದ ಕೇರಿಯಿಂದ ಹೊರಬಿದ್ದ ಯೆಹೂದ್ಯನಿಗೂ ಅವನಿಗೆ ತಿಳಿದೂ ತಿಳಿದೂ ಆಶ್ರಯವಿತ್ತವನಿಗೂ ಮರಣದಂಡನೆ. ಎಷ್ಟೋ ಕಡೆ ಆ ದಂಡನೆ ಮನೆಯ ಯಜಮಾನನೊಬ್ಬನಿಗೇ ನಿಲ್ಲುತ್ತಿರಲಿಲ್ಲ.

ದಕ್ಷಿಣ ಪೋಲೆಂಡಿನ ಮಾರ್ಕೊವಾ ಹಳ್ಳಿಯಲ್ಲಿ ಯೂಜೆಫ್ ಉಲ್ಮಾ ಎಂಬ ರೈತನಿದ್ದ. ಹಣ್ಣಿನ ಗಿಡಗಳನ್ನು ಬೆಳೆಸುವುದು, ಜೇನು ಸಾಕುವುದು, ರೇಷ್ಮೆಹುಳು ಸಾಕುವುದು, ಎಲ್ಲಕ್ಕಿಂತ ಹೆಚ್ಚಾಗಿ ಛಾಯಾಚಿತ್ರ ತೆಗೆಯುವುದು ಅವನ ಹವ್ಯಾಸಗಳು. ಹೆಂಡತಿ ವಿಕ್ಟೋರಿಯಾ, ಆರು ಮಂದಿ ಮಕ್ಕಳು. ಅವನು ತೆಗೆದ ಚಿತ್ರಗಳಲ್ಲಿ ಬರಿಗಾಲಿನ ಮಕ್ಕಳು ಇಂದಿಗೂ ಓಡಾಡುತ್ತಿದ್ದಾರೆ. 1942ರ ಉತ್ತರಾರ್ಧದಲ್ಲಿ ಈ ದಂಪತಿ ಎಂಟು ಮಂದಿ ಯೆಹೂದ್ಯರನ್ನು ಮನೆಯ ಅಟ್ಟದ ಮೇಲೆ ಇರಿಸಿಕೊಂಡರು: ಸೌಲ್ ಗೋಲ್ಡ್‌ಮನ್ ಮತ್ತು ಅವನ ನಾಲ್ವರು ಗಂಡುಮಕ್ಕಳು, ಇಬ್ಬರು ಹೆಂಗಸರು, ಒಂದು ಪುಟ್ಟ ಹೆಣ್ಣುಮಗು.

ಎಂಟು ಜನರನ್ನು ಅಡಗಿಸಿಡುವುದೆಂದರೆ ಏನೆಂಬುದನ್ನು, ಹಳ್ಳಿಯಲ್ಲಿ ಬೆಳೆದ ಓದುಗರು ಇತಿಹಾಸಕಾರರಿಗಿಂತ ಚೆನ್ನಾಗಿ ಊಹಿಸಬಲ್ಲರು. ಯಾರ ಮನೆಯಲ್ಲಿ ಎಷ್ಟು ಹಿಟ್ಟು ಖರ್ಚಾಗುತ್ತದೆ, ಯಾರ ಒಲೆ ಎಷ್ಟು ಹೊತ್ತು ಉರಿಯುತ್ತದೆ ಎಂಬುದು ಊರಿಗೆಲ್ಲ ಗೊತ್ತಿರುವ ಸಂಗತಿ. ಎಂಟು ಹೊಟ್ಟೆಗಳಿಗೆ ಹೆಚ್ಚಿನ ರೊಟ್ಟಿ ಬೇಕು. ಎಂಟು ಜನರ ಮಲಮೂತ್ರವನ್ನು ಕತ್ತಲಲ್ಲಿ ಹೊರಸಾಗಿಸಬೇಕು. ಅವರ ಬಟ್ಟೆ ಒಗೆದರೆ ಒಣಹಾಕುವುದೆಲ್ಲಿ? ಕೆಮ್ಮು ಬಂದರೆ? ಎಲ್ಲಕ್ಕಿಂತ ಕಷ್ಟ, ನಾಲ್ಕು ವರ್ಷದ ಮಗು ನೆರೆಮನೆಯಲ್ಲಿ ಬಾಯಿಬಿಡದಂತೆ ನೋಡಿಕೊಳ್ಳುವುದು. ಧೈರ್ಯವೆಂದರೆ ಒಂದು ಗಳಿಗೆಯ ಉಮೇದೆಂದು ನಾವು ತಿಳಿಯುತ್ತೇವೆ. ಇಲ್ಲಿ ಬೇಕಾದದ್ದು ಸುಮಾರು ಒಂದೂವರೆ ವರ್ಷ, ಹಗಲೂ ಇರುಳೂ ನಡೆದ ಗೃಹಕೃತ್ಯ. ಅದರ ದೊಡ್ಡ ಪಾಲು ಅಡುಗೆಮನೆಯಲ್ಲಿದ್ದ ವಿಕ್ಟೋರಿಯಾಳದೇ ಆಗಿದ್ದಿರಬೇಕು.

1944ರ ಮಾರ್ಚ್ 24ರ ಬೆಳಗಿನ ಜಾವ ಜರ್ಮನ್ ಪೊಲೀಸರು ಬಂದರು. ಮೊದಲು ಯೆಹೂದ್ಯರನ್ನು ಕೊಂದರು. ಬಳಿಕ ಯೂಜೆಫನನ್ನೂ ತುಂಬು ಗರ್ಭಿಣಿಯಾಗಿದ್ದ ವಿಕ್ಟೋರಿಯಾಳನ್ನೂ ಮನೆಯ ಮುಂದೆ ನಿಲ್ಲಿಸಿ ಗುಂಡಿಕ್ಕಿದರು. ಕೊನೆಗೆ ಆರು ಮಕ್ಕಳನ್ನೂ ಬಿಡಲಿಲ್ಲ. ಹಿರಿಯಳಿಗೆ ಎಂಟು ವರ್ಷವೂ ತುಂಬಿರಲಿಲ್ಲ. 2023ರ ಸೆಪ್ಟೆಂಬರ್ 10ರಂದು ಧರ್ಮಸಭೆಯು ಇಡೀ ಕುಟುಂಬವನ್ನು, ಹೆಸರಿಡದ ಕೂಸನ್ನೂ ಸೇರಿಸಿ, ಧನ್ಯರೆಂದು ಸಾರಿತು.

ಅವರ ಮನೆಯಲ್ಲಿ ಸಿಕ್ಕ ಬೈಬಲ್ ಗ್ರಂಥದಲ್ಲಿ ದಯಾಳು ಸಮಾರಿತನ ಸಾಮತಿಯ ಶೀರ್ಷಿಕೆಗೆ ಕೆಂಪು ಗೆರೆ ಎಳೆದಿತ್ತು. ಬದಿಯಲ್ಲಿ 'ಹೌದು' ಎಂಬ ಒಂದೇ ಮಾತು ಬರೆದಿತ್ತು. ಇದನ್ನು ಕೇಳಿದಾಗ ನಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಅನ್ನಿಸುವುದು ಸಹಜ. ಅವರಿಗೆ ಮಟ್ಟಿಗೆ ಅದು ಉತ್ತರವೂ ಆಗಿದ್ದೀತು. ಆದರೆ ಸ್ವಲ್ಪ ತಡೆಯಿರಿ. ಆ ಸಾಮತಿಯನ್ನು ಪೋಲೆಂಡಿನ ಪ್ರತಿಯೊಂದು ದೇವಾಲಯದಲ್ಲೂ ಓದಲಾಗುತ್ತಿತ್ತು. ಅಡಗಿದ್ದವರ ಸುಳಿವನ್ನು ಪೊಲೀಸರಿಗೆ ಕೊಟ್ಟು ಬಹುಮಾನ ಪಡೆದವರೂ, ಗುಟ್ಟು ಬಯಲು ಮಾಡುತ್ತೇನೆಂದು ಹೆದರಿಸಿ ಹಣ ಕಿತ್ತವರೂ ಅದೇ ಪೀಠಗಳ ಮೇಲೆ ಕುಳಿತು ಅದನ್ನೇ ಕೇಳಿದ್ದರು. ಕೇಳಿದ ಮಾತು ಒಂದೇ ಆಗಿ ನಡತೆ ಎರಡಾದಾಗ, ಮಾತಿನಾಚೆ ಇನ್ನೇನನ್ನೋ ಹುಡುಕಬೇಕಾಗುತ್ತದೆ.

ಯೆಹೂದ್ಯರ ಮೇಲಿನ ಪ್ರೀತಿಯೇ ಆ 'ಇನ್ನೇನೋ' ಆಗಿದ್ದಿತೆ? ಅನೇಕರ ವಿಷಯದಲ್ಲಿ ಹೌದು. ಸಹಪಾಠಿ, ನೆರೆಯವ, ಅಂಗಡಿಯವ ಎಂಬ ಹಳೆಯ ಪರಿಚಯ ಬಾಗಿಲು ತೆರೆಸಿತು. ಆದರೆ ಈ ವಿವರಣೆಯೂ ಸಾಲದೆಂಬುದಕ್ಕೆ ಪೋಲೆಂಡಿನಲ್ಲೇ ಒಂದು ವಿಚಿತ್ರ ಸಾಕ್ಷಿಯಿದೆ. ಜೊಫಿಯಾ ಕೊಸಾಕ್ ಪ್ರಸಿದ್ಧ ಕಾದಂಬರಿಗಾರ್ತಿ, ಕಟ್ಟಾ ಕಥೋಲಿಕಳು. 1942ರ ಬೇಸಿಗೆಯಲ್ಲಿ ವಾರ್ಸಾದ ಘೆಟ್ಟೋದಿಂದ ಲಕ್ಷಾಂತರ ಜನರನ್ನು ರೈಲಿನಲ್ಲಿ ತುಂಬಿ ಸಾವಿನ ಶಿಬಿರಕ್ಕೆ ಸಾಗಿಸುತ್ತಿದ್ದಾಗ, ಆಕೆ 'ಪ್ರತಿಭಟನೆ' ಎಂಬ ಕರಪತ್ರವನ್ನು ಗುಟ್ಟಾಗಿ ಅಚ್ಚು ಹಾಕಿಸಿ ಹಂಚಿದಳು. ಕೊಲೆಯನ್ನು ಕಂಡೂ ಸುಮ್ಮನಿರುವವನು ಕೊಲೆಗಾರನ ಪಾಲುದಾರ ಎಂಬುದು ಅದರ ತಿರುಳು. ಆದರೆ ಅದೇ ಕರಪತ್ರದಲ್ಲಿ, ಯೆಹೂದ್ಯರ ಬಗೆಗಿನ ತಮ್ಮ ಭಾವನೆ ಬದಲಾಗಿಲ್ಲ, ಅವರನ್ನು ಪೋಲೆಂಡಿನ ರಾಜಕೀಯ ಹಾಗೂ ಆರ್ಥಿಕ ವೈರಿಗಳೆಂದೇ ಈಗಲೂ ಎಣಿಸುತ್ತೇವೆ ಎಂದೂ ಬರೆದಳು!

ಓದಿದರೆ ಮೈ ಮುದುಡುತ್ತದೆ. ಇಂಥ ಮಾತುಗಳೇ ಅಲ್ಲವೇ ಆ ದೇಶದ ಗಾಳಿಯನ್ನು ಮೊದಲೇ ಕೆಡಿಸಿದ್ದು? ಅದನ್ನು ಬರೆದವಳೇ ಮುಂದಿನ ತಿಂಗಳು ಯೆಹೂದ್ಯರ ನೆರವಿಗೆ ಗುಪ್ತ ಸಮಿತಿಯೊಂದನ್ನು ಕಟ್ಟಿದಳು. ಅದೇ ಡಿಸೆಂಬರಿನಲ್ಲಿ 'ಝೆಗೋಟಾ' ಎಂಬ ಸಂಕೇತನಾಮದ ಮಂಡಳಿಯಾಗಿ ಬೆಳೆದು, ಸಾವಿರಾರು ಜನರಿಗೆ ಸುಳ್ಳು ಗುರುತಿನ ಪತ್ರ, ಹಣ, ಅಡಗುದಾಣಗಳನ್ನು ಒದಗಿಸಿತು. 1943ರಲ್ಲಿ ಸೆರೆಸಿಕ್ಕ ಆಕೆ ಆಶ್ವಿಟ್ಸ್ ಶಿಬಿರವನ್ನೂ ಕಂಡು ಬಂದಳು. ಜೊಫಿಯಾಳನ್ನು ಸಂತಳಾಗಿಸುವುದೂ ಬೇಡ, ಅವಳ ಪೂರ್ವಗ್ರಹವನ್ನು ಬಣ್ಣ ಬಳಿದು ಮರೆಸುವುದೂ ಬೇಡ. ಇಷ್ಟವಿಲ್ಲದವನೂ ಮನುಷ್ಯನೇ, ಅವನನ್ನು ಕೊಲ್ಲುವುದು ಕೊಲೆಯೇ ಎಂಬ ಗೆರೆಯನ್ನು ಅವಳು ಅಳಿಸಲಿಲ್ಲ. ಅವಳಿಗಿಂತ ಮೃದುವಾಗಿ ಮಾತಾಡುತ್ತಿದ್ದ ಎಷ್ಟೋ ಜನ ಅಳಿಸಿದರು.

ಇನ್ನು ಪೋಲೆಂಡನ್ನು ಬಿಟ್ಟು ಫ್ರಾನ್ಸಿಗೆ ಬರೋಣ. ಅಲ್ಲಿ ಒಬ್ಬಿಬ್ಬರಲ್ಲ, ಒಂದು ಊರಿಗೆ ಊರೇ ಬಾಗಿಲು ತೆರೆದ ಕತೆಯಿದೆ. ದಕ್ಷಿಣ-ಮಧ್ಯ ಫ್ರಾನ್ಸಿನ ಎತ್ತರದ, ಚಳಿಗಾಲದಲ್ಲಿ ಹಿಮ ಮುಚ್ಚುವ ಪ್ರಸ್ಥಭೂಮಿಯಲ್ಲಿ ಲೆ ಶಾಂಬೋ ಎಂಬ ಊರಿದೆ. ಅಲ್ಲಿನ ಬಹುಪಾಲು ಜನ ಪ್ರೊಟೆಸ್ಟೆಂಟರು, ಹ್ಯೂಗೆನೋ ಎಂದು ಕರೆಯಲ್ಪಟ್ಟ ಪಂಗಡದ ಸಂತತಿ. 1685ರಲ್ಲಿ ಹದಿನಾಲ್ಕನೆಯ ಲೂಯಿ ದೊರೆ ಅವರ ಧಾರ್ಮಿಕ ಸ್ವಾತಂತ್ರ್ಯವನ್ನು ಕಿತ್ತುಕೊಂಡ ಮೇಲೆ, ಅವರ ಹಿರಿಯರು ಒಂದು ಶತಮಾನದ ಕಾಲ ಕಾಡುಮೇಡುಗಳಲ್ಲಿ ಗುಟ್ಟಾಗಿ ಪ್ರಾರ್ಥಿಸುತ್ತ, ತಮ್ಮ ಬೋಧಕರನ್ನು ಹೊಲದ ಮನೆಗಳಲ್ಲಿ ಬಚ್ಚಿಡುತ್ತ ಬದುಕಿದ್ದರು. ಆ ಹಿಂಸೆ ನಡೆದದ್ದು ಕಥೋಲಿಕ ಧರ್ಮದ ಹೆಸರಿನಲ್ಲಿ. ಕಥೋಲಿಕ ಗುರುವಾದ ನಾನು ಇದನ್ನು ಬರೆಯುವಾಗ ಆ ಮಾತನ್ನು ನುಂಗಿಕೊಳ್ಳಲಾರೆ. ಅಟ್ಟಿಸಿಕೊಂಡವರ ನೆನಪು ಆ ಊರಿನ ಕತೆ, ಕೀರ್ತನೆಗಳಲ್ಲಿ ಇಳಿದುಬಂದಿತ್ತು. ಯಾರನ್ನಾದರೂ ಬಚ್ಚಿಡುವುದು ಅವರಿಗೆ ಅಜ್ಜಂದಿರಿಂದ ಬಂದ ವಿದ್ಯೆ.

1940ರ ಜೂನ್ 22ರಂದು ಫ್ರಾನ್ಸ್ ಜರ್ಮನಿಗೆ ಶರಣಾಯಿತು. ಮರುದಿನ ಭಾನುವಾರ. ಊರಿನ ಸಭಾಪಾಲಕ ಆಂದ್ರೆ ಟ್ರೊಕ್ಮೆ ಮತ್ತು ಅವರ ಜೊತೆಗಾರ ಎದುವಾರ್ ತೀಸ್, ಶುಭಸಂದೇಶಕ್ಕೆ ವಿರುದ್ಧವಾದ ಆಜ್ಞೆಗಳು ಬಂದಾಗ ಆತ್ಮದ ಆಯುಧಗಳಿಂದ ಎದುರಿಸಬೇಕು, ಹೆದರದೆ, ಆದರೆ ದ್ವೇಷವೂ ಇಲ್ಲದೆ ಎಂದು ಬೋಧಿಸಿದರು. ಹಿಂಸೆಗೊಳಗಾದವರು ಇನ್ನೂ ಯಾರೂ ಬಾಗಿಲಿಗೆ ಬಂದಿರಲಿಲ್ಲ. ಉತ್ತರ ಮೊದಲೇ ಸಿದ್ಧವಾಗಿತ್ತು, ಪ್ರಶ್ನೆ ಆಮೇಲೆ ಬಂತು.

ಅದು ಬಂದದ್ದು ಆ ಚಳಿಗಾಲದಲ್ಲಿ. ಸಭಾಪಾಲಕರ ಹೆಂಡತಿ ಮಾಗ್ದಾ ಅಡುಗೆಮನೆಯಲ್ಲಿದ್ದಾಗ ಯಾರೋ ಬಾಗಿಲು ತಟ್ಟಿದರು. ತೆರೆದರೆ ಹಿಮದಲ್ಲಿ ತೊಯ್ದ, ನಡುಗುವ ಒಬ್ಬ ಹೆಂಗಸು. ತಾನು ಜರ್ಮನಿಯಿಂದ ಓಡಿಬಂದ ಯೆಹೂದ್ಯಳು, ಒಳಗೆ ಬರಬಹುದೇ ಎಂದು ಕೇಳಿದಳು. "ಬನ್ನಿ, ಅದಕ್ಕೇನು" ಎಂಬ ಅರ್ಥದ ಮಾತಾಡಿ ಮಾಗ್ದಾ ಒಳಗೆ ಕರೆದರು. ಒಣಗಲೆಂದು ಅವಳ ಬೂಟುಗಳನ್ನು ಒಲೆಯೊಳಗೆ ಇಟ್ಟರು. ಮಾತಿನ ಭರದಲ್ಲಿ ಮರೆತು ಅವು ಸುಟ್ಟು ಕರಕಲಾದವು! ಬೂಟು ಸುಲಭವಾಗಿ ಸಿಗದ ಯುದ್ಧಕಾಲ. ಇನ್ನೊಂದು ಜೋಡಿಗಾಗಿ ಊರಲ್ಲಿ ಹುಡುಕಾಡಬೇಕಾಯಿತು. ಅತಿಥಿಗೆ ಏನಾದರೂ ಕಾಗದಪತ್ರ ಮಾಡಿಸೋಣವೆಂದು ಮಾಗ್ದಾ ಮುಗ್ಧವಾಗಿ ಊರಿನ ಮೇಯರರ ಬಳಿ ಹೋದರೆ, ಅವಳನ್ನು ಕೂಡಲೇ ಊರಿನಿಂದ ಕಳಿಸಿಬಿಡಿ ಎಂಬ ಉತ್ತರ ಸಿಕ್ಕಿತು. ಒಳ್ಳೆಯ ಕೆಲಸಕ್ಕೆ ಅಧಿಕಾರಿಗಳ ಅನುಮತಿ ಕೇಳಬಾರದೆಂದು ಆ ಊರು ಕಲಿತದ್ದು ಅಲ್ಲಿಂದ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಮಾಗ್ದಾ ಹುಟ್ಟಿದ್ದು ಇಟಲಿಯ ಫ್ಲಾರೆನ್ಸಿನಲ್ಲಿ. ಹ್ಯೂಗೆನೋ ಅಜ್ಜಂದಿರ ನೆನಪು ಆಕೆಗೆ ಹುಟ್ಟಿನಿಂದ ಬಂದದ್ದಲ್ಲ. ನೆನಪು ನೆರವಾಗುತ್ತದೆ ನಿಜ. ಆದರೆ ಅದಿಲ್ಲದವಳೂ ಬಾಗಿಲು ತೆರೆದಳು.

ಮುಂದಿನ ವರ್ಷಗಳಲ್ಲಿ ಆ ಪ್ರಸ್ಥಭೂಮಿಗೆ ಬಂದವರು ಸಾವಿರಾರು. ಶಾಲೆಗಳಲ್ಲಿ, ವಸತಿಗೃಹಗಳಲ್ಲಿ, ದೂರದ ಹೊಲದ ಮನೆಗಳಲ್ಲಿ ಅವರನ್ನು ಹಂಚಿ ಇರಿಸಿದರು. ಸುಳ್ಳು ಗುರುತಿನ ಪತ್ರಗಳನ್ನು ತಯಾರಿಸುತ್ತಿದ್ದವನು ಸ್ವತಃ ಯೆಹೂದ್ಯ ನಿರಾಶ್ರಿತನಾದ ಹದಿಹರೆಯದ ಹುಡುಗ. ಕೆಲವರನ್ನು ರಾತ್ರಿ ಕಾಲುಹಾದಿಗಳಲ್ಲಿ ಸ್ವಿಟ್ಜರ್ಲೆಂಡಿನ ಗಡಿ ದಾಟಿಸಿದರು. 1942ರ ಆಗಸ್ಟಿನಲ್ಲಿ ಪೊಲೀಸರು ಬಸ್ಸುಗಳನ್ನು ತಂದು ನಿಲ್ಲಿಸಿ, ಯೆಹೂದ್ಯರ ಪಟ್ಟಿ ಕೊಡಿ ಎಂದು ಟ್ರೊಕ್ಮೆಯವರನ್ನು ಕೇಳಿದಾಗ, ತಮಗೆ ಮನುಷ್ಯರು ಗೊತ್ತೇ ಹೊರತು ಯೆಹೂದ್ಯರೆಂದರೆ ಯಾರೆಂದು ಗೊತ್ತಿಲ್ಲವೆಂದು ಅವರು ಉತ್ತರಿಸಿದರು. ಬಸ್ಸುಗಳು ಬಹುತೇಕ ಖಾಲಿಯಾಗಿಯೇ ಮರಳಿದವು. ಎಲ್ಲ ದಿನಗಳೂ ಹಾಗೆ ಮುಗಿಯಲಿಲ್ಲ. 1943ರ ಜೂನಿನಲ್ಲಿ ವಿದ್ಯಾರ್ಥಿಗಳ ವಸತಿಗೃಹವೊಂದರ ಮೇಲೆ ದಾಳಿಯಾದಾಗ, ಟ್ರೊಕ್ಮೆಯವರ ಸಂಬಂಧಿ, ತರುಣ ಶಿಕ್ಷಕ ಡ್ಯಾನಿಯಲ್ ಟ್ರೊಕ್ಮೆ ತನ್ನ ಹುಡುಗರನ್ನು ಬಿಟ್ಟು ಓಡಲಿಲ್ಲ. ಮರುವರ್ಷ ಮೈದಾನೆಕ್ ಶಿಬಿರದಲ್ಲಿ ಸತ್ತ.

ಮಾರ್ಕೊವಾ ಮತ್ತು ಲೆ ಶಾಂಬೋಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನೆರೆಯವರ ಪಾತ್ರ ಕಣ್ಣಿಗೆ ಹೊಡೆಯುತ್ತದೆ. ಒಂದು ಕಡೆ ಯಾರೋ ಒಬ್ಬನ ನಾಲಿಗೆಯಿಂದ ಹದಿನಾರು ಜನ ಸತ್ತರು. ಇನ್ನೊಂದು ಕಡೆ ಊರಿನವರು ಪರಸ್ಪರ ಏನನ್ನೂ ಕೇಳದೆ, ಕಂಡರೂ ಕಾಣದಂತಿದ್ದು ಸಾವಿರಾರು ಜನರನ್ನು ಉಳಿಸಿದರು. ಆಶ್ರಯ ಕೊಡುವುದು ಒಬ್ಬನ ಸಾಹಸವೆಂದು ಕಾಣುತ್ತದೆಯಾದರೂ ಅದು ಉಳಿಯುವುದು ಬಿಡುವುದು ಹತ್ತು ಮನೆಗಳ ಕೈಯಲ್ಲಿ.

ಹಿರಿಯರ ಸ್ಥಾನದಲ್ಲಿರುವವರ ಮಾತಿಗೂ ಬೆಲೆಯಿತ್ತು. 1942ರ ಜುಲೈಯಲ್ಲಿ ಫ್ರೆಂಚ್ ಪೊಲೀಸರೇ ಪ್ಯಾರಿಸ್ ನಗರದಲ್ಲಿ ಸುಮಾರು 13,000 ಯೆಹೂದ್ಯರನ್ನು ಹಿಡಿದಾಗ ಧರ್ಮಾಧ್ಯಕ್ಷರಲ್ಲಿ ಹೆಚ್ಚಿನವರು ಬಹಿರಂಗವಾಗಿ ತುಟಿ ಬಿಚ್ಚಲಿಲ್ಲ. ತುಲೂಸಿನ ಮಹಾಧರ್ಮಾಧ್ಯಕ್ಷ ಸಾಲ್ಯೆಜ್ ಆಗಲೇ ಪಾರ್ಶ್ವವಾಯು ಬಡಿದು ಮಾತು ತೊದಲುತ್ತಿದ್ದ ಮುದುಕರು. ಯೆಹೂದ್ಯರೂ ನಮ್ಮಂತೆಯೇ ಗಂಡಸರು, ಹೆಂಗಸರು, ನಮ್ಮ ಸಹೋದರರು, ಅವರ ಮೇಲೆ ಏನನ್ನು ಬೇಕಾದರೂ ಮಾಡಲು ಯಾರಿಗೂ ಹಕ್ಕಿಲ್ಲ ಎಂಬ ಸಾರದ ಪುಟ್ಟ ಪತ್ರವನ್ನು ಅವರು ಬರೆದರು. ಸರ್ಕಾರ ತಡೆಯೊಡ್ಡಿದರೂ ಆಗಸ್ಟ್ 23ರ ಭಾನುವಾರ ಅದು ಅವರ ಧರ್ಮಪ್ರಾಂತ್ಯದ ದೇವಾಲಯಗಳಲ್ಲಿ ಓದಲ್ಪಟ್ಟಿತು. ಪಕ್ಕದ ಮೊಂತೊಬಾನಿನ ಧರ್ಮಾಧ್ಯಕ್ಷ ತೆಯಾಸ್ ಅವರೂ ಅಂಥದೇ ಪತ್ರ ಬರೆದರು. ಅಂಚೆಯನ್ನು ನಂಬದೆ ಮಾರಿ-ರೋಜ್ ಜಿನೆಸ್ತ್ ಎಂಬ ಮಹಿಳೆ ಬೈಸಿಕಲ್ ತುಳಿಯುತ್ತ ಊರೂರಿಗೆ ಅದನ್ನು ಮುಟ್ಟಿಸಿದಳು. ಮಠಗಳ, ಕಾನ್ವೆಂಟುಗಳ ಬಾಗಿಲುಗಳು ಇನ್ನಷ್ಟು ಅಗಲವಾಗಿ ತೆರೆದವು. ಎಲ್ಲ ಧರ್ಮಾಧ್ಯಕ್ಷರೂ, ಎಲ್ಲ ದೇಶಗಳಲ್ಲೂ, ಮೊದಲೇ ಹಾಗೆ ಬರೆದಿದ್ದರೆ ಎಂಬ ಯೋಚನೆ ನನ್ನನ್ನು ಬಿಡುವುದಿಲ್ಲ.

ಯುದ್ಧ ಮುಗಿದು ದಶಕಗಳ ನಂತರ ಈ ಜನರನ್ನು ಅಧ್ಯಯನ ಮಾಡಿದವರಲ್ಲಿ ಇಬ್ಬರು ತಾವೇ ಉಳಿಸಲ್ಪಟ್ಟವರು. ಪೋಲೆಂಡಿನ ಕ್ರೈಸ್ತರ ಮನೆಗಳಲ್ಲಿ ಅಡಗಿ ಬದುಕಿದ ನೆಖಾಮಾ ಟೆಕ್ ಒಬ್ಬರು. ಇನ್ನೊಬ್ಬರು ಸ್ಯಾಮ್ಯುಯೆಲ್ ಆಲಿನರ್. ಹನ್ನೆರಡು ವರ್ಷದ ಹುಡುಗನಾಗಿದ್ದಾಗ ಮನೆಯವರನ್ನೆಲ್ಲ ಕಳೆದುಕೊಂಡು, ರೈತ ಹೆಂಗಸೊಬ್ಬಳ ನೆರವಿನಿಂದ ಉಳಿದವರು. ಆಲಿನರ್ ತಮ್ಮ ಪತ್ನಿಯೊಡನೆ 400ಕ್ಕೂ ಹೆಚ್ಚು ರಕ್ಷಕರನ್ನೂ, ಹೋಲಿಕೆಗಾಗಿ ಸುಮ್ಮನಿದ್ದವರನ್ನೂ ಸಂದರ್ಶಿಸಿ 1988ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಭಕ್ತಿಯ ಮಟ್ಟದಲ್ಲಿ ಎರಡೂ ಗುಂಪುಗಳ ನಡುವೆ ದೊಡ್ಡ ಅಂತರ ಸಿಗಲಿಲ್ಲ. ಅಂತರವಿದ್ದದ್ದು 'ನಮ್ಮವರು' ಎಂಬ ಮಾತು ಎಲ್ಲಿಯವರೆಗೆ ಚಾಚುತ್ತದೆ ಎಂಬುದರಲ್ಲಿ. ರಕ್ಷಕರ ತಂದೆತಾಯಿಗಳು ತಪ್ಪು ಮಾಡಿದ ಮಗುವಿಗೆ ಹೊಡೆಯುವುದಕ್ಕಿಂತ, ತಪ್ಪೇಕೆ ಎಂದು ಬಿಡಿಸಿ ಹೇಳುತ್ತಿದ್ದದ್ದೇ ಹೆಚ್ಚು. ಕಾರಣವಿಲ್ಲದೆ ಆಜ್ಞೆಗೆ ತಲೆಬಾಗುವ ಅಭ್ಯಾಸ ಆ ಮನೆಗಳಲ್ಲಿ ಬೆಳೆಯಲಿಲ್ಲ. ಅಮೂರ್ತವಾದ ನೀತಿತತ್ತ್ವದಿಂದ ಪ್ರೇರಿತರಾಗಿ ನೆರವಿಗಿಳಿದವರು ಶೇಕಡ 11 ಮಾತ್ರ. ಗುರುಮಠದಲ್ಲಿ ವರ್ಷಗಟ್ಟಲೆ ನೀತಿಶಾಸ್ತ್ರ ಓದಿದ ನಮ್ಮಂಥವರಿಗೆ ಈ ಸಂಖ್ಯೆ ಸ್ವಲ್ಪ ಕಹಿಯೇ! ಹೆಚ್ಚಿನವರು ಕಣ್ಣೆದುರಿನ ಸಂಕಟಕ್ಕೋ, ತಾವು ಗೌರವಿಸುವವರ ಕೋರಿಕೆಗೋ ಓಗೊಟ್ಟವರು.

ಇನ್ನೂ ಒಂದು ಅಂಶ ನನಗೆ ಬಹಳ ಮುಖ್ಯವೆನಿಸುತ್ತದೆ. ರಕ್ಷಕರಲ್ಲಿ ಮೂರನೇ ಎರಡರಷ್ಟು ಜನ ನೆರವಿಗೆ ತೊಡಗಿದ್ದು, ಯಾರೋ ಬಂದು ನೇರವಾಗಿ ಕೇಳಿದ್ದರಿಂದ. ಆನ್ ಫ್ರಾಂಕ್ ಎಂಬ ಬಾಲೆಯ ದಿನಚರಿಯನ್ನು ನಿಮ್ಮಲ್ಲಿ ಅನೇಕರು ಓದಿರುತ್ತೀರಿ. 1942ರಲ್ಲಿ ಅವಳ ತಂದೆ ಆಮ್‌ಸ್ಟರ್‌ಡ್ಯಾಮಿನ ತಮ್ಮ ಕಚೇರಿಯ ನೌಕರಳಾದ ಮೀಪ್ ಗೀಸ್‌ಳನ್ನು ಕರೆದು, ನಾವು ಅಡಗಬೇಕಾಗಿದೆ, ನೋಡಿಕೊಳ್ಳುವೆಯಾ ಎಂದು ಕೇಳಿದರು. ಅವಳು ವಿವರ ಕೇಳದೆ ಒಪ್ಪಿದಳು. ಮೀಪ್ ಹುಟ್ಟಿದ್ದು ಆಸ್ಟ್ರಿಯದ ವಿಯೆನ್ನಾದಲ್ಲಿ. ಮೊದಲನೆಯ ಮಹಾಯುದ್ಧದ ಹಸಿವಿನಲ್ಲಿ ಸೊರಗಿದ್ದ ಅವಳನ್ನು 1920ರಲ್ಲಿ ಹಾಲೆಂಡಿಗೆ ಕಳಿಸಿದಾಗ, ಮಕ್ಕಳೊಂದಿಗನೊಬ್ಬ ಅಪರಿಚಿತ ಡಚ್ಚನ ಕುಟುಂಬ ಅವಳನ್ನು ತಮ್ಮ ಮಗಳಂತೆ ಸಾಕಿತ್ತು. ಎರಡು ವರ್ಷ ಅವಳೂ ಅವಳ ಸಂಗಡಿಗರೂ ಎಂಟು ಜನರಿಗೆ ಊಟ ಸಾಗಿಸಿದರು. ಅವಳು ಹೊರಲಾರದಷ್ಟು ತರಕಾರಿ ಕೊಳ್ಳುವುದನ್ನು ಕಂಡ ಅಂಗಡಿಯವನು ಯಾರಿಗೆಂದು ಒಮ್ಮೆಯೂ ಕೇಳಲಿಲ್ಲ. 1944ರ ಮೇ ತಿಂಗಳಲ್ಲಿ ಅವನೇ ಬಂಧಿತನಾದಾಗ, ಅವನ ಮನೆಯಲ್ಲೂ ಇಬ್ಬರು ಯೆಹೂದ್ಯರಿದ್ದರೆಂದು ತಿಳಿಯಿತು. ಅದೇ ಆಗಸ್ಟ್ 4ರಂದು ಮೀಪ್ ಕಾಯುತ್ತಿದ್ದ ಎಂಟು ಜನರೂ ಸಿಕ್ಕಿಬಿದ್ದರು. ಮರಳಿ ಬಂದದ್ದು ಆನ್‌ಳ ತಂದೆ ಮಾತ್ರ. 2010ರಲ್ಲಿ ನೂರು ವರ್ಷ ತುಂಬಿ ತೀರಿಕೊಂಡ ಮೀಪ್, ತನ್ನನ್ನು ವೀರಳೆಂದು ಕರೆಯಬೇಡಿರೆಂದು ಕೊನೆಯವರೆಗೂ ಹೇಳುತ್ತಿದ್ದಳು. ನೆರವಾಗಲು ವಿಶೇಷ ವ್ಯಕ್ತಿಯೇ ಆಗಿರಬೇಕೆಂದು ಜನ ತಿಳಿದರೆ ಯಾರೂ ಮುಂದೆ ಬರುವುದಿಲ್ಲ ಎಂಬುದು ಅವಳ ಆತಂಕ.

ಹೀಗೆ ಬಾಗಿಲು ತೆರೆದವರಿಗೆ ಯುದ್ಧಾನಂತರ ಎಲ್ಲೆಡೆ ಹಾರ ಕಾದಿತ್ತೆಂದು ಎಣಿಸಬೇಡಿ. ಪೋಲೆಂಡಿನ ಯೆದ್ವಾಬ್ನೆ ಪಟ್ಟಣದಲ್ಲಿ 1941ರ ಜುಲೈ 10ರಂದು, ಜರ್ಮನರ ಕುಮ್ಮಕ್ಕಿನಿಂದ, ಅಲ್ಲಿನ ನಿವಾಸಿಗಳೇ ತಮ್ಮ ಯೆಹೂದ್ಯ ನೆರೆಯವರನ್ನು ಕಣಜದ ಕೊಟ್ಟಿಗೆಯೊಂದಕ್ಕೆ ತುಂಬಿ ಸುಟ್ಟರು. ಸತ್ತವರು ಕನಿಷ್ಠ 340 ಮಂದಿ. ಹತ್ತಿರದ ಹಳ್ಳಿಯ ಆಂತೊನಿನಾ ವಿಝಿಕೊವ್ಸ್ಕಾ ಎಂಬ ರೈತ ಹೆಂಗಸು ತನ್ನ ಗಂಡನೊಡನೆ, 1942ರ ಕೊನೆಯಿಂದ 1945ರ ಜನವರಿಯವರೆಗೆ ಏಳು ಜನ ಯೆಹೂದ್ಯರನ್ನು ತನ್ನ ಹೊಲಮನೆಯಲ್ಲಿ ಅಡಗಿಸಿ ಕಾಪಾಡಿದಳು. ಜರ್ಮನರ ಕೈಗೆ ಅವಳು ಸಿಗಲಿಲ್ಲ. ಜರ್ಮನರು ಸೋತು ಹೋದ ಮೇಲೆ, ಯೆಹೂದ್ಯರನ್ನು ಉಳಿಸಿದ ತಪ್ಪಿಗಾಗಿ ಅವಳ ನಾಡಿನವರೇ ಬಂದು ಅವಳನ್ನು ಹಿಗ್ಗಾಮುಗ್ಗಾ ಹೊಡೆದರು. ದಂಪತಿ ಊರು ಬಿಡಬೇಕಾಯಿತು. ಮುಂದೆ ಅವಳು ಅಮೆರಿಕದ ಷಿಕಾಗೋ ನಗರದಲ್ಲಿ ಬಹುಕಾಲ ದುಡಿದು ಬದುಕಿ, 2011ರಲ್ಲಿ ತೀರಿಕೊಂಡಳು.

ಅವಳ ಮನೆಯಲ್ಲಿ ಅಡಗಿದ್ದ ಏಳು ಜನರಲ್ಲಿ ಶ್ಮುಲ್ ವಾಸೆರ್‌ಷ್ಟೈನ್ ಎಂಬ ತರುಣನೊಬ್ಬನಿದ್ದ. ಯೆದ್ವಾಬ್ನೆಯಲ್ಲಿ ನಡೆದುದನ್ನು ಅವನು 1945ರಲ್ಲಿ ಸಾಕ್ಷಿಯಾಗಿ ಹೇಳಿ ಬರೆಯಿಸಿದ. ಆ ಕಾಗದ ಕಡತಗಳಲ್ಲಿ ಅರ್ಧ ಶತಮಾನ ಮಲಗಿತ್ತು. 2000ದಲ್ಲಿ ಇತಿಹಾಸಕಾರ ಯಾನ್ ಗ್ರಾಸ್ ತಮ್ಮ 'ನೆರೆಹೊರೆಯವರು' ಗ್ರಂಥವನ್ನು ಪ್ರಕಟಿಸಿ ಆ ದಿನದ ಸತ್ಯವನ್ನು ಪೋಲೆಂಡಿನ ಮುಂದಿಟ್ಟಾಗ, ಅವರ ಕೈಯಲ್ಲಿದ್ದ ಮೊದಲ ಸಾಕ್ಷ್ಯ ಅದೇ.